ಬೈಗುಳ ಸೋಸುವ ಕತ್ತರಿಯಕ್ಕ

ಬೆಳಕು ಹರಿಯುವ ಮೊದಲೇ ಊರು ಬೈಯಲು ಶುರು ಮಾಡಿರುತ್ತದೆ. ಪತ್ರಿಕಾ ಕಚೇರಿಯ ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ ದೀಪ ಹಾಕಿ, ಚಪ್ಪಲಿ ಮೂಲೆಗೆ ಬಿಟ್ಟು, ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು ಕೂರುವ ಈ ಹೆಂಗಸಿಗೆ ಅದು ಚೆನ್ನಾಗಿ ಗೊತ್ತು. ಪರದೆ ತೆರೆದುಕೊಳ್ಳುತ್ತಿದ್ದಂತೆ ರಾತ್ರಿಯೆಲ್ಲ ಕಾದು ನಿಂತ ಓದುಗರ ಅಭಿಪ್ರಾಯಗಳು ಒಂದರ ಮೇಲೊಂದು ಬಂದು ಬೀಳುತ್ತವೆ. ಇವತ್ತಿನ ಮೊದಲನೆಯದು ನಮ್ಮ ಸಂಪಾದಕರ ತಲೆಯೊಳಗೆ ಏನು ತುಂಬಿದೆ ಎಂಬ ಬಗ್ಗೆ. ಈ ಹೆಂಗಸು ಕನ್ನಡಕ ಏರಿಸಿ ಓದುತ್ತಾರೆ, ಒಂದು ಗುಟುಕು ಚಹಾ ಕುಡಿಯುತ್ತಾರೆ, ಅಳಿಸುತ್ತಾರೆ.

"ಇದರಲ್ಲಿ ಸ್ವಲ್ಪ ಸತ್ಯ ಇದೆ," ಎನ್ನುತ್ತಾರೆ ನನ್ನ ಕಡೆ ತಿರುಗಿ. "ಆದ್ರೆ ಭಾಷೆ ಸರಿಯಿಲ್ಲ."

ಕಚೇರಿಯಲ್ಲಿ ಎಲ್ಲರೂ ಇವರನ್ನು ಕತ್ತರಿಯಕ್ಕ ಎನ್ನುತ್ತಾರೆ. ಪತ್ರಿಕೆಯ ಜಾಲತಾಣದಲ್ಲಿ ಪ್ರತಿ ಸುದ್ದಿಯ ಕೆಳಗೆ ಓದುಗರು ಬರೆಯುವುದೆಲ್ಲ ಮೊದಲು ಇವರ ಕಣ್ಣ ಮುಂದೆ ಹಾದು ಹೋಗಬೇಕು. ಇವರು 'ಇರಲಿ' ಎಂಬ ಗುಂಡಿ ಒತ್ತಿದರೆ ಲೋಕಕ್ಕೆ ಕಾಣುತ್ತದೆ, 'ಬೇಡ' ಒತ್ತಿದರೆ ಅಲ್ಲಿಗೆ ಅದರ ಕಥೆ ಮುಗಿಯಿತು. ಕೆಲಸ ಚೆನ್ನಾಗಿ ಆದ ದಿನ ಹೊರಗಿನವರಿಗೆ ಏನೂ ಕಾಣುವುದಿಲ್ಲ. ಎರಡು ಮಹಡಿ ಮೇಲೆ ಕೂತು ಈ ಪುರವಣಿಗೆ ಬರೆಯುವ ನಾನೇ, ಮೆಟ್ಟಿಲ ಕೆಳಗೆ ಪೊರಕೆ ಇಡುತ್ತಾರೆ ಎಂದುಕೊಂಡಿದ್ದೆ. "ಪೊರಕೆನೂ ಇದೆ," ಎಂದು ಅವರು ಬಾಗಿಲ ಹಿಂದೆ ತೋರಿಸುತ್ತಾರೆ.

ಮೊದಲು ಇವರು ಕರಡು ತಿದ್ದುವ ವಿಭಾಗದಲ್ಲಿದ್ದರು. ಆ ವಿಭಾಗ ಕರಗಿ ಹೋದಾಗ ಉಳಿದ ಒಬ್ಬರನ್ನು ಎಲ್ಲಿ ಕೂರಿಸುವುದೆಂದು ತಿಳಿಯದೆ ಇಲ್ಲಿ ಕೂರಿಸಿದರು. ಹಳೆಯ ಅಭ್ಯಾಸ ಬಿಡಲು ಕಾಲ ಹಿಡಿಯಿತು. "ಮೊದಮೊದಲು ಬೈಗುಳದಲ್ಲಿ ಒತ್ತಕ್ಷರ ತಪ್ಪಿದ್ರೆ ಸರಿ ಮಾಡಿ, ಆಮೇಲೆ ಅಳಿಸ್ತಿದ್ದೆ," ಎನ್ನುತ್ತಾರೆ.

ಕಷ್ಟ ಏನೆಂದು ಕೇಳಿದರೆ ಮಣಿಕಟ್ಟಿನ ನೋವು ಎನ್ನುತ್ತಾರೆ. ಆಮೇಲೆ, ಇಲ್ಲಿ ಕಲಿತ ಪದಗಳು ಎನ್ನುತ್ತಾರೆ. ಒಮ್ಮೆ ಬಸ್ಸಿನಲ್ಲಿ ಯಾರೋ ಇವರ ಕಾಲು ತುಳಿದರಂತೆ. ಯೋಚಿಸುವ ಮೊದಲೇ ಬಾಯಿಂದ ಒಂದು ಮಾತು ಬಿತ್ತು. "ತುಳಿದವನು ಸುಮ್ನೆ ನಿಂತ. ಪಾಪ, ಏನೂ ಮಾಡದೆ ಕೂತಿದ್ದವನು ಎದ್ದು ಸೀಟು ಬಿಟ್ಟುಕೊಟ್ಟ. ಅವತ್ತಿಂದ ಹಲ್ಲು ಕಚ್ಕೊಂಡು ಓಡಾಡ್ತೀನಿ."

ಇವರ ಕೆಲಸಕ್ಕೆ ನಿಜವಾದ ಪರೀಕ್ಷೆ ಬಂದದ್ದು ಇಸ್ತ್ರಿಪೆಟ್ಟಿಗೆಯ ಕೊಲೆ ಮೊಕದ್ದಮೆಯಲ್ಲಿ. ಇಸ್ತ್ರಿ ಅಂಗಡಿಯ ಹೆಂಗಸೊಬ್ಬಳು ಸಂಜೆ ಬಾಗಿಲು ಹಾಕಿಕೊಂಡು ಬಟ್ಟೆ ಮಡಿಸುತ್ತಿದ್ದಾಗ, ಅದೇ ಬೀದಿಯ ಬೀಗ ರಿಪೇರಿಯವನು ತನ್ನ ಕೀಲಿಯಿಂದ ಬಾಗಿಲು ತೆಗೆದು ಒಳಗೆ ಬಂದಿದ್ದ. ಕುತ್ತಿಗೆಗೆ ಕೈ ಹಾಕಿದ, ಜೀವ ಉಳಿಸಿಕೊಳ್ಳಲು ಕೈಗೆ ಸಿಕ್ಕಿದ್ದನ್ನು ಬೀಸಿದೆ ಎಂದಳು ಅವಳು. ಇಸ್ತ್ರಿಗೆ ಕೊಟ್ಟ ಪ್ಯಾಂಟು ಕೇಳಲು ಹೋಗಿದ್ದ, ಅಷ್ಟೇ ಎಂದರು ಅವನ ಕಡೆಯವರು. ಬಿದ್ದದ್ದು ಎರಡು ಏಟು. ಒಂದು ಹಣೆಗೆ, ಇನ್ನೊಂದು ತಲೆಯ ಹಿಂದಕ್ಕೆ. ಅವನು ಅಲ್ಲೇ ಸತ್ತ. ಮೊದಲನೇ ಏಟಿನ ಬಗ್ಗೆ ಯಾರದೂ ದೊಡ್ಡ ತಕರಾರಿರಲಿಲ್ಲ. ಎರಡನೆಯದು ಭಯದಲ್ಲಿ ಬಿದ್ದದ್ದೋ, ಸಿಟ್ಟಿನಲ್ಲೋ? ಆತ್ಮರಕ್ಷಣೆಯೋ, ಕೊಲೆಯೋ? ವಿಚಾರಣೆ ನಿಂತದ್ದು ಅಲ್ಲಿ.

ಊರು ಮಾತ್ರ ನಿಲ್ಲಲಿಲ್ಲ. ಜಾಲತಾಣಗಳಲ್ಲಿ ಒಂದು ಪಂಗಡ ತನ್ನ ಮುಖದ ಚಿತ್ರ ತೆಗೆದು ಇಸ್ತ್ರಿಪೆಟ್ಟಿಗೆಯ ಚಿತ್ರ ಹಾಕಿಕೊಂಡಿತು, ಇನ್ನೊಂದು ಕೀಲಿಗೊಂಚಲಿನದು. ಹಲ್ಲಿನ ವೈದ್ಯರೊಬ್ಬರು ಹೆಂಗಸರ ತೋಳು ಯಾವ ಕೋನದಲ್ಲಿ ಬೀಸುತ್ತದೆಂದು ಪುಟಗಟ್ಟಲೆ ಬರೆದರು. ಮತ್ತೊಬ್ಬ ಕಲ್ಲಂಗಡಿ ಹಣ್ಣಿಗೆ ಇಸ್ತ್ರಿಪೆಟ್ಟಿಗೆಯಿಂದ ಹೊಡೆದು ವಿಡಿಯೊ ಹಾಕಿದ. ಎರಡನೇ ಏಟು ಬೇಕಿರಲಿಲ್ಲ ಎಂದು ತೋರಿಸುವುದು ಅವನ ಉದ್ದೇಶ. ಹಣ್ಣು ಮೊದಲನೇ ಏಟಿಗೆ ಒಡೆಯದೆ ಉರುಳಿ ಹೋದದ್ದರಿಂದ ಅವನೇ ಪಕ್ಷ ಬದಲಿಸಬೇಕಾಯಿತು. ಗಂಡ ಇಸ್ತ್ರಿ, ಹೆಂಡತಿ ಕೀಲಿಯಾದ ಮನೆಗಳಲ್ಲಿ ಒಂದೇ ಒಲೆಯ ಮೇಲೆ ಎರಡು ಅಡುಗೆ ನಡೆಯಿತು.

ಇದೆಲ್ಲದರ ಕೆಸರು ಹರಿದು ಬಂದು ಸೇರುತ್ತಿದ್ದದ್ದು ಮೆಟ್ಟಿಲ ಕೆಳಗಿನ ಕೋಣೆಗೆ. ಕತ್ತರಿಯಕ್ಕನಿಗೆ ಕಚೇರಿಯವರು ಕೊಟ್ಟ ನಿಯಮಗಳು ಬಹಳ. ಅವರು ಪಾಲಿಸುವುದು ತಮ್ಮದೇ ಒಂದನ್ನು. "ಸತ್ತವನಿಗೂ ಅಮ್ಮ ಇದಾಳೆ, ಕಟಕಟೆಲಿ ನಿಂತವಳಿಗೂ ಅಮ್ಮ ಇದಾಳೆ. ಇಬ್ರೂ ನನ್ನ ಅಕ್ಕಪಕ್ಕ ಕೂತು ಓದ್ತಿದಾರೆ ಅಂದ್ಕೋತೀನಿ. ಅವರ ಎದುರಿಗೆ ಹೇಳೋಕಾಗೋ ಮಾತಾದ್ರೆ ಇರಲಿ. ಇಲ್ಲಾಂದ್ರೆ ಬೇಡ."

ದಿನಾ ಬೇಡ ಅನ್ನಿಸಿಕೊಳ್ಳುತ್ತಿದ್ದವರಲ್ಲಿ ಒಬ್ಬರು 'ನೇರನುಡಿ'. ಅದು ಜಾಲತಾಣದಲ್ಲಿ ಇಟ್ಟುಕೊಂಡ ಹೆಸರು, ಅದರ ಹಿಂದಿನ ಮನುಷ್ಯ ಯಾರೆಂದು ತಿಳಿಯದು. ಬೆಳಗಾಗುವ ಮೊದಲೇ ನೇರನುಡಿ ಹಾಜರ್. ಅವಳನ್ನು ಗಲ್ಲಿಗೇರಿಸಬೇಕು, ಅವಳ ಪರ ವಕೀಲನನ್ನು ಹಗ್ಗ ಹಿಡಿಯಲು ನಿಲ್ಲಿಸಬೇಕು. ಬರೆದದ್ದು ಮಾಯವಾದಾಗ ಕೋಪ ಇತ್ತ ತಿರುಗುತ್ತಿತ್ತು: 'ಈ ಪತ್ರಿಕೆಯಲ್ಲಿ ಕತ್ತರಿ ಹಿಡಿದು ಕೂತಿರುವವರು ಯಾರೋ ಮನೆಹಾಳರು.' ಕತ್ತರಿಯಕ್ಕ ಅದನ್ನೂ ಅಳಿಸಿ ಚಹಾ ಕುಡಿಯುತ್ತಿದ್ದರು.

ಒಂದು ಬೆಳಗ್ಗೆ ನೇರನುಡಿ ಇಸ್ತ್ರಿ ಪಕ್ಷದವರಿಗೆ ಹೀಗೆ ಬರೆದರು: 'ನಿಮಗೇನೂ ಕೆಲಸವಿಲ್ಲ, ಕೈ ಮೊಸರಾದರೆ ಬಾಯಿ ಕೆಸರು.'

ಕತ್ತರಿಯಕ್ಕನ ಲೋಟ ಅರ್ಧದಲ್ಲೇ ನಿಂತಿತು. ಕೈ ಕೆಸರಾದರೆ ಬಾಯಿ ಮೊಸರು ಎನ್ನುವುದು ಲೋಕದ ಗಾದೆ. ಅದನ್ನು ತಿರುಗಿಸಿ, ಕೆಲಸವಿಲ್ಲದೆ ಹರಟುವವರ ಮೇಲೆ ಎಸೆಯುವವರು ಅವರಿಗೆ ಗೊತ್ತಿದ್ದಂತೆ ಭೂಮಿಯ ಮೇಲೆ ಒಬ್ಬರೇ. ಅವರ ಅತ್ತೆ.

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಊರಿನವರ ಮಾತಿಗೆಲ್ಲ ತಂತಿ ಜೋಡಿಸಿ, ತಾವು ಮಾತ್ರ 'ಹಲೋ' ಮತ್ತು 'ಲೈನ್ ಖಾಲಿ ಇಲ್ಲ' ಎಂದಷ್ಟೇ ಹೇಳುತ್ತ ಆಯುಷ್ಯ ಕಳೆದವರು. ನಿವೃತ್ತಿಯ ನಂತರ ಕೈಗೊಂದು ಫೋನು ಬಂದಿತ್ತು, ಕೂಡಿಟ್ಟ ಮಾತೆಲ್ಲ ದಾರಿ ಹುಡುಕಿಕೊಂಡಿತ್ತು. ಸೊಸೆಯ ಕೆಲಸ ಏನೆಂದು ಅವರಿಗೆ ತಿಳಿದಿರಲಿಲ್ಲ. "ಬೆಳಿಗ್ಗೆಯಿಂದ ಬೈಗುಳ ಓದ್ತೀನಿ ಅಂತ ಅತ್ತೆಗೆ ಹೇಗೆ ಹೇಳ್ಲಿ? ಕಂಪ್ಯೂಟರ್ ಕೆಲಸ ಅಂದಿದ್ದೆ."

ಆ ಸಂಜೆ ಊಟದ ಮೇಜಿನ ಬಳಿ ಅತ್ತೆ ತಾವಾಗಿ ವಿಷಯ ಎತ್ತಿದರು. "ನಿಮ್ಮ ಆಫೀಸಲ್ಲಿ ಯಾರೋ ಜನರ ಮಾತು ನುಂಗಿ ನೀರು ಕುಡೀತಾರಂತೆ. ಯಾರು ಅಂತ ಸ್ವಲ್ಪ ವಿಚಾರಿಸು. ಅವರ ಬೆರಳು ಊದಿಹೋಗ."

"ವಿಚಾರಿಸ್ತೀನಿ ಅತ್ತೆ," ಎಂದರು ಸೊಸೆ. ಎಲ್ಲ ತಿಳಿದಿದ್ದ ಗಂಡನಿಗೆ ನೀರು ನೆತ್ತಿಗೇರಿತು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಅವರು ಎರಡು ಎಂಜಿನ್ ನಡುವೆ ಸಿಕ್ಕಿಕೊಂಡವರಂತೆ ತಟ್ಟೆ ನೋಡುತ್ತ ಕೂತರು.

ಕತ್ತರಿಯಕ್ಕನಿಗೆ ಹೊಸ ಸಂಕಟ ಶುರುವಾದದ್ದು ಆಗ. ಇಷ್ಟು ದಿನ ನೇರನುಡಿಯನ್ನು ಅಳಿಸುವಾಗ ಎರಡನೇ ಸಲ ಯೋಚಿಸಿರಲಿಲ್ಲ. ಈಗ ಪ್ರತಿ ಸಲವೂ ಅನುಮಾನ. "ಇದು ನ್ಯಾಯವೋ, ಸೊಸೆ ಸೇಡೋ ಅಂತ ನನಗೇ ಗೊತ್ತಾಗ್ತಿರ್ಲಿಲ್ಲ. ನಿಜ ಹೇಳ್ಬೇಕಂದ್ರೆ, ಬೇಡ ಅಂತ ಒತ್ತೋವಾಗ ಸ್ವಲ್ಪ ಹಿತವಾಗ್ತಿತ್ತು. ಅದಕ್ಕೇ ಭಯ ಆಯ್ತು." ಒಂದು ಬೆಳಗ್ಗೆ, ತಮ್ಮ ಮೇಲೆ ತಮಗೇ ನಂಬಿಕೆ ಬರಲಿ ಎಂದು, ಇರಲೋ ಬೇಡವೋ ಎಂಬ ಅಂಚಿನಲ್ಲಿದ್ದ ನೇರನುಡಿಯ ಒಂದನ್ನು ಬಿಟ್ಟುಬಿಟ್ಟರು. 'ಇಂಥವಳನ್ನು ಹೆತ್ತ ಹೊಟ್ಟೆಗೆ ಏನನ್ನಬೇಕು' ಎಂದಿತ್ತು ಅದರಲ್ಲಿ. ಬೈಗುಳವೇನೂ ಇರಲಿಲ್ಲ. ಇರಲಿ ಎಂದು ಒತ್ತಿದರು.

ಅದೇ ದಿನ ಅತ್ತೆ, ಕೊಲೆಗಾತಿಯನ್ನು ಕಣ್ಣಾರೆ ನೋಡಬೇಕೆಂದು ಒಬ್ಬರೇ ನ್ಯಾಯಾಲಯಕ್ಕೆ ಹೊರಟಿದ್ದರು. ಒಳಗೆ ಜಾಗವಿರಲಿಲ್ಲ. ಹೊರಗಿನ ಮೊಗಸಾಲೆಯ ಬೆಂಚಿನಲ್ಲಿ ಕೂತರು. ಪಕ್ಕದಲ್ಲಿ ಒಬ್ಬ ಮುದುಕಿ, ಕಣ್ಣಿನ ಆಪರೇಷನ್ ಆಗಿ ಹಸಿರು ಪಟ್ಟಿ ಕಟ್ಟಿಕೊಂಡವಳು, ಕೈಯಲ್ಲಿ ಫೋನು ಹಿಡಿದಿದ್ದಳು. ಮುಂದಿನದನ್ನು ಅತ್ತೆಯೇ ನನಗೆ ಹೇಳಿದರು, ತಮ್ಮ ಮನೆಯ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು.

"ಆಕೆ ಫೋನು ನನ್ನ ಕೈಗೆ ಕೊಟ್ಟು, 'ನನ್ನ ಮಗಳ ಬಗ್ಗೆ ಲೋಕವೆಲ್ಲ ಬರೀತಿದೆಯಂತೆ, ಏನಂತ ಸ್ವಲ್ಪ ಓದಿ ಹೇಳಿ ತಾಯಿ' ಅಂದ್ಳು. ಆಗ ಗೊತ್ತಾಯ್ತು ಯಾರು ಅಂತ. ಎದ್ದು ಹೋಗೋಣ ಅಂದ್ರೆ ಮೊಣಕಾಲು ಹಿಡ್ಕೊಂಡಿತ್ತು."

ಫೋನು ತೆರೆದರೆ ನಮ್ಮದೇ ಪತ್ರಿಕೆಯ ಪುಟ. ಅತ್ತೆ ಮೊದಲನೆಯದನ್ನು ಮನಸ್ಸಿನಲ್ಲೇ ಓದಿಕೊಂಡು, "ದೇವರು ಒಳ್ಳೇದು ಮಾಡಲಿ ಅಂತ ಬರೆದಿದಾರೆ" ಎಂದರು. ಎರಡನೆಯದನ್ನು ನೋಡಿ, "ಇವರೂ ಅದನ್ನೇ ಬರೆದಿದಾರೆ" ಎಂದರು.

"ಅಷ್ಟೊತ್ತು ಸುಮ್ನೆ ಓದಿದ್ರಲ್ಲ, ಹೇಳಿದ್ದು ಇಷ್ಟೇನಾ?" ಎಂದಳು ಮುದುಕಿ.

"ಹೇಳಿದ್ದನ್ನೇ ತಿರುಗಿಸಿ ತಿರುಗಿಸಿ ಬರೆದಿದಾರೆ. ಈಗಿನವರಿಗೆ ಚುಟುಕಾಗಿ ಬರೆಯೋಕೆ ಬರಲ್ಲ."

ಮೂರನೆಯದು ನೇರನುಡಿಯದು. ಹೆತ್ತ ಹೊಟ್ಟೆಯ ಮಾತು. ಹೆತ್ತವಳು ಮೊಣಕೈ ತಾಗುವಷ್ಟು ಹತ್ತಿರ ಕೂತಿದ್ದಳು. ಅತ್ತೆಗೆ ಅದು ಬಾಯಿಗೆ ಬರಲಿಲ್ಲ, ಬದಲಿಗೆ ಹೇಳಲು ಸುಳ್ಳೂ ಹೊಳೆಯಲಿಲ್ಲ.

"ಇದು ಬೇಡ ಬಿಡಿ, ಯಾವುದೋ ತಲೆಕೆಟ್ಟ ಮುದುಕಿ ಬರೆದದ್ದು."

"ಮುದುಕಿ ಅಂತ ಹೇಗೆ ಗೊತ್ತಾಯ್ತು?"

"ಬರವಣಿಗೆಲೇ ಗೊತ್ತಾಗುತ್ತೆ," ಎಂದು ಅತ್ತೆ ಬೆರಳಿನಿಂದ ಸರಸರ ಕೆಳಗೆ ತಳ್ಳಿದರು. ಮಧ್ಯಾಹ್ನದವರೆಗೆ ಹಾಗೇ ಓದಿದರಂತೆ, ಅರ್ಧ ಬಿಟ್ಟು, ಅರ್ಧ ಕಟ್ಟಿ. ಕಟ್ಟಿ ಕಟ್ಟಿ ಬಾಯಿ ಒಣಗಿತು. ಮುದುಕಿ ತನ್ನ ಬಾಟಲಿಯ ನೀರು ಕೊಟ್ಟು, "ಜನ ಒಳ್ಳೆಯವರೇ ಇದಾರೆ" ಎಂದಳಂತೆ.

ಮನೆಗೆ ಬಂದ ಅತ್ತೆ ಚಪ್ಪಲಿ ಕೂಡ ಬಿಡದೆ ಅಡುಗೆಮನೆಗೆ ನಡೆದರು. ನಡೆದದ್ದೆಲ್ಲ ಹೇಳಿದರು, ನೇರನುಡಿ ತಾವೇ ಎಂಬುದೂ ಅದರಲ್ಲಿ ಬಂತು. ಕೊನೆಗೆ ಸಿಟ್ಟಾದರು. "ಆ ಕತ್ತರಿಯವರು ನಂದು ಎಲ್ಲಾನೂ ಕತ್ತರಿಸ್ತಾರೆ. ಇದನ್ಯಾಕೆ ಬಿಟ್ರು? ಇದನ್ನಲ್ವಾ ಕತ್ತರಿಸ್ಬೇಕಿದ್ದು?"

ಸೊಸೆ ಒಲೆ ಆರಿಸಿದರು. "ಕತ್ತರಿ ನಂದೇ ಅತ್ತೆ. ನಿಮ್ಮ ಮಾತು ಅಂತ ಗೊತ್ತಾಗಿ ಬಿಟ್ಟೆ. ತಪ್ಪು ನಂದು."

ಅತ್ತೆ ಸ್ಟೂಲು ಎಳೆದುಕೊಂಡು ಕೂತರು. "ಹಾಗಾದ್ರೆ ಮನೆಹಾಳರು ಅಂದಿದ್ದು ನಿನಗಾ?" ಎಂದರು.

"ಹೂಂ. ನಮ್ಮ ಮನೇನೇ."

"ಬೆರಳು ಊದಲಿ ಅಂತ ಬೇರೆ ಅಂದೆ."

"ನೋವು ಮಣಿಕಟ್ಟಿಗೆ ಬಂದಿದೆ. ಶಾಪ ಸ್ವಲ್ಪ ಗುರಿ ತಪ್ಪಿದೆ."

ಅತ್ತೆ ಮೊದಲು ನಕ್ಕರೋ, ಸೊಸೆ ಮೊದಲು ನಕ್ಕರೋ ಎಂಬ ಬಗ್ಗೆ ಆ ಮನೆಯಲ್ಲಿ ಇನ್ನೂ ಒಮ್ಮತವಿಲ್ಲ. ಮಣಿಕಟ್ಟಿಗೆ ಅವತ್ತಿನಿಂದ ಮುಲಾಮು ಹಚ್ಚುವವರು ಮಾತ್ರ ಅತ್ತೆಯೇ. ಹಚ್ಚುವಾಗ ಕೇಳುತ್ತಾರಂತೆ: ಇವತ್ತು ಏನೇನು ಬಂದಿತ್ತು? ಸೊಸೆ ಹೇಳುವುದಿಲ್ಲ. "ಆಫೀಸಿನ ಗುಟ್ಟು ಅತ್ತೆ," ಎನ್ನುತ್ತಾರೆ. ಎಕ್ಸ್‌ಚೇಂಜಿನಲ್ಲಿ ದುಡಿದವರಿಗೆ ಆ ಮಾತು ಅರ್ಥವಾಗುತ್ತದೆ.

ಹೋದ ತಿಂಗಳು ತೀರ್ಪು ಬಂತು. ಎರಡು ಏಟಿನ ನಡುವೆ ಯೋಚಿಸುವಷ್ಟು ಹೊತ್ತಿರಲಿಲ್ಲ, ಎರಡನೆಯದೂ ಅದೇ ಭಯದ್ದು ಎಂದು ನ್ಯಾಯಾಧೀಶರು ಅವಳನ್ನು ಬಿಟ್ಟರು. ನ್ಯಾಯ ಸತ್ತಿತು ಎಂದರು ಕೀಲಿಯವರು. ಇಷ್ಟು ತಡ ಏಕೆ ಎಂದು ಇಸ್ತ್ರಿಯವರೂ ಬೈದರು. ಆ ಬೆಳಗ್ಗೆ ಕತ್ತರಿಯಕ್ಕ ಚಹಾ ಮರೆತರು. ಸತ್ತವನ ತಾಯಿಯ ಮನೆಯ ಗುರುತು ಬರೆದವರಿದ್ದರು, ಬಿಡುಗಡೆಯಾದವಳ ಮಗಳ ಶಾಲೆಯ ಹೆಸರು ಬರೆದವರಿದ್ದರು. ಅದರಲ್ಲಿ ಒಂದೂ ಹೊರಗೆ ಹೋಗಲಿಲ್ಲ. ಜಾಲತಾಣಕ್ಕೆ ಬರುವವರು ಕಡಿಮೆಯಾಗುತ್ತಾರೆ, ಸ್ವಲ್ಪ ಸಡಿಲ ಬಿಡಿ ಎಂದು ಮೇಲಿನಿಂದ ಫೋನು ಬಂದಾಗ ಅವರು, "ಲೈನ್ ಖಾಲಿ ಇಲ್ಲ" ಎಂದು ಇಟ್ಟರಂತೆ. ವಾರ ಕಳೆಯುವಷ್ಟರಲ್ಲಿ ಊರು, ಸೇತುವೆಗೆ ಯಾವ ಬಣ್ಣ ಬಳಿಯಬೇಕೆಂಬ ಜಗಳಕ್ಕೆ ಹೋಯಿತು. ಹಲ್ಲಿನ ವೈದ್ಯರು ಈಗ ನೀಲಿಯ ಪರ.

ತೀರ್ಪಿನ ದಿನದ ಆ ಗದ್ದಲದ ನಡುವೆ ನೇರನುಡಿಯವರದೂ ಒಂದು ಬಂದಿತ್ತು: 'ನಾನು ಅಲ್ಲಿರಲಿಲ್ಲ. ನನಗೆ ಗೊತ್ತಿಲ್ಲ. ಇಬ್ಬರೂ ತಾಯಂದಿರಿಗೆ ಇವತ್ತಾದರೂ ನಿದ್ದೆ ಬರಲಿ.' ಇಷ್ಟು ವರ್ಷದಲ್ಲಿ ಗೊತ್ತಿಲ್ಲ ಎಂದು ಯಾರಾದರೂ ಬರೆದದ್ದನ್ನು ಕತ್ತರಿಯಕ್ಕ ಓದಿದ್ದು ಅದೇ ಮೊದಲು. ಇರಲಿ ಎಂದು ಒತ್ತಿದರು.

ಅತ್ತೆಗೆ ಅದರಲ್ಲಿ ಬೇಸರವಿದೆ. "ಮೊದಲು ಗಲ್ಲಿಗೇರಿಸಿ ಅಂತ ಬರೆದಾಗ, ನಿನ್ನ ಬೆರಳು ತಪ್ಪಿ ಒಂದೊಂದು ಹೊರಗೆ ಹೋದ್ರೂ ನೂರಾರು ಜನ ಮೆಚ್ಚಿಗೆ ಒತ್ತೋರು. ಇದಕ್ಕೆ ಬರೀ ಮೂರು," ಎಂದು ನನ್ನೆದುರೇ ಸೊಸೆಯ ಮೇಲೆ ದೂರು ಹೇಳುತ್ತಾರೆ, ತಪ್ಪು ಕತ್ತರಿಯದೇ ಎಂಬಂತೆ.

ಓದುಗರ ಅಭಿಪ್ರಾಯಕ್ಕೆ ಮೆಚ್ಚಿಗೆ ಒತ್ತಬಾರದೆಂಬುದು ಕತ್ತರಿಯಕ್ಕನ ಕೆಲಸದ ನಿಯಮ. ಅತ್ತೆ ಒಳಗೆ ಹೋಗುವವರೆಗೆ ಕಾದು, ಅವರು ದನಿ ತಗ್ಗಿಸುತ್ತಾರೆ.

"ಆ ಮೂರರಲ್ಲಿ ಒಂದು ನಂದು."