ನಾದಿನಿ ಹೆಸರಿನ ಉತಾರ

ನನ್ನ ನಾದಿನಿ ಲಗ್ನದ ಹೊತ್ತಿಗೇ ಹೊಲದ ಹಂಚಿಕಿ ಮುಗಿದಿತ್ತು. ನಮ್ಮ ಬಾಗಲಕೋಟಿ ಕಡೆ ಪದ್ಧತಿ ಹಂಗ. ಹೆಣ್ಣುಮಗಳು ತವರಿನ ಸೀರಿ-ಕುಬಸ ತಗೊಂಡು ಪಾಲು ಬಿಟ್ಟೆ ಅಂತ ಸಹಿ ಹಾಕಬೇಕು. ಪಾಲು ಕೇಳಿದ್ಲಂದ್ರ ತವರಿನ ಬಾಗಲಾ ಮುಚ್ಚಿದಂಗ. ಆಕಿನೂ ನಕ್ಕೋತ ಸಹಿ ಹಾಕಿದ್ಲು. ಹೊಲ ನಮ್ಮನಿಯವರ ಹೆಸರಿಗೆ ಬಂತು. ಇವರೋ, ಮುಂಬೈ ಕಡೆ ಡೊಂಬಿವಲಿಯಿಂದ ಲೋಕಲ್ ರೈಲಿನಾಗ ಜೋತಾಡಿಕೋತ ರಬಾಳೆಯ ಕಂಪನಿಗೆ ಹೋಗೋ ಮನಶ್ಯಾ! ಜ್ವಾಳ ಯಾವಾಗ ಬಿತ್ತತಾರ ಅಂತ ಯಾರರ ಕೇಳಿದ್ರ ನನ್ನ ಮಾರಿ ನೋಡ್ತಿದ್ರು.

ಮುಂದ ನಾದಿನಿಯ ಗಂಡ ತೀರಿಕೊಂಡ. ಆಕಿ ತವರಿಗೆ ಬಂದು ಆ ಹೊಲಾನ ಹಿಡದ್ಲು. ಬಿತ್ತೋದು, ಹರಗೋದು, ರಾಶಿ ಎಲ್ಲಾ ಆಕಿದ. ವರ್ಷಾ ನಮಗೊಂದು ಜ್ವಾಳದ ಚೀಲ ಬಸ್ಸಿಗೆ ಹಾಕಿ ಕಳಸ್ತಿದ್ಲು. ಕಲ್ಯಾಣ ಬಸ್‌ಸ್ಟ್ಯಾಂಡಿನಾಗ ಇಳಿಸಿಕೊಂಡು ರಿಕ್ಷಾದಾಗ ತರೋದು ನನ್ನ ಪಾಲಿನ ಒಕ್ಕಲತನ.

ಸರ್ಕಾರ ರೈತರ ಖಾತೆಗೆ ಸೀದಾ ರೊಕ್ಕಾ ಹಾಕ್ತೈತಿ ಅಂತ ಸುದ್ದಿ ಬಂದ ವರ್ಷ ಆಕಿ ಫೋನ್ ಮಾಡಿದ್ಲು.

"ವೈನಿ, ಊರಾಗ ಎಲ್ಲಾರ ಮೊಬೈಲಿಗೂ ಮೆಸೇಜ್ ಬರಾಕತ್ತಾವ. ರೊಕ್ಕಾ ಎಷ್ಟರ ಇರ್ಲಿ, ನಾನೂ ಒಬ್ಬಾಕಿ ರೈತ ಅಂತ ಸರ್ಕಾರ ಒಮ್ಮೆ ಅಂದ್ರ ಸಾಕು ನೋಡು."

ಹೊಲದ ಉತಾರದಾಗ, ಅಂದ್ರ ಪಹಣಿಯಾಗ, ಇರೋದು ಆಕಿ ಅಣ್ಣನ ಹೆಸರು. ಅಣ್ಣ ಇನ್‌ಕಮ್ ಟ್ಯಾಕ್ಸ್ ಕಟ್ಟಾವ, ಅಂಥವರಿಗೆ ಈ ರೊಕ್ಕಾ ಇಲ್ಲ. ತಂಗಿ ಹೆಸರಂತೂ ಎಲ್ಲೂ ಇಲ್ಲ. ದೇವರು ಕೊಟ್ರೂ ಪೂಜಾರಿ ಕೊಡಂಗಿಲ್ಲ ಅಂತಾರಲ್ಲ, ಹಂಗಾತು.

ನಾನು ಇವರ ಬೆನ್ನು ಹತ್ತಿದೆ. ಹೊಲಾ ಆಕಿ ಹೆಸರಿಗೆ ಮಾಡ್ರಿ, ನಾವೇನು ಇಲ್ಲಿ ನಾಕನೇ ಮಾಳಿಗಿ ಮ್ಯಾಲೆ ನೇಗಿಲಾ ಹೊಡೀತೀವಿ? ಸ್ವಲ್ಪ ದಿನಕ್ಕ ಇವರು ತಾವ ರಜಾ ಹಾಕಿ ಊರಿಗೆ ಹೋಗಿ ದಾನಪತ್ರ ಮಾಡಿಸಿ ಬಂದ್ರು. "ಹಂಗಾರ ನಿನ್ನ ಸೀರಿ ತಿರುಗಿ ಕೊಡ್ಲೇನಪಾ?" ಅಂತ ನಾದಿನಿ ಚ್ಯಾಷ್ಟಿ ಮಾಡಿದ್ಲಂತ. ಉತಾರದಾಗ ಆಕಿ ಹೆಸರು ಬಂದ ದಿನ ಇವರು ಠಾಣೆ ಪ್ಯಾಟಿಯಿಂದ ಪೇಢೆ ತಂದಿದ್ರು. ಅಷ್ಟು ಖುಷಿ ಪಟ್ಟದ್ದು ನಾ ನೋಡೇ ಇರಲಿಲ್ಲ.

ಅರ್ಜಿ ಕೊಡಾಕ ಹೋದಾಕಿ ಆಫೀಸಿನಿಂದನ ಫೋನ್ ಹಚ್ಚಿದ್ಲು. ಅವತ್ತು ಇವರಿಗೆ ಸೂಟಿ. ಸ್ಪೀಕರ್ ಹಾಕಿ ಇಬ್ಬರೂ ಕೇಳಿದ್ವಿ. ಅಲ್ಲಿನ ಕ್ಲಾರ್ಕ್ ಮಾತಾಡಿದ.

"ಸರ್ಕಾರ ಒಂದು ತಾರೀಖು ಗೊತ್ತುಮಾಡೇತ್ರಿ. ಅದರಿಂದ ಈಚೆ ಹೆಸರು ಬದಲಾದ ಹೊಲಕ್ಕ ಬರಂಗಿಲ್ಲ."

ನನಗ ಸಿಟ್ಟು ನೆತ್ತಿಗೇರಿತು. "ಇಷ್ಟು ವರ್ಷ ಬಿತ್ತಿದಾಕಿ ಆಕಿನ ಅಲ್ಲೇನ್ರಿ? ಊರ ಮಂದೀನ್ನ ಕೇಳ್ರಿ!"

"ಖರೇ ಐತ್ರಿ ಅಕ್ಕಾರ. ಆದ್ರ ಕಂಪ್ಯೂಟರ್ ತಗೊಳ್ಳಂಗಿಲ್ಲ, ನನ್ನ ಕೈಯಾಗ ಏನೈತ್ರಿ? ಮಾಲಕ ತೀರಿಕೊಂಡು ವಾರಸದಾರರ ಹೆಸರಿಗೆ ಬಂದಿದ್ರ ನಡೀತಿತ್ತು."

ಪಾಪ, ಒಳ್ಳೆ ಮನಶ್ಯಾನ. ಏನರ ಹಾದಿ ಸಿಗತೈತೇನೋ ಅಂತ ನಾದಿನಿ ಕಡೆ ಹೊಳ್ಳಿ ಕೇಳಿದ: "ನಿಮ್ಮಣ್ಣ ಜೀವಂತ ಅದಾರೇನ್ರಿ?"



ಆಕಿ ಉತ್ತರ ಕೊಡೋದ್ರಾಗ ಇವರು ಫೋನ್ ಬಾಯಿ ಹತ್ರ ತಗೊಂಡು, ತಪ್ಪು ಮಾಡಿದವರಂಗ ಮೆಲ್ಲಕ ಅಂದ್ರು: "ಅದೀನ್ರಿ."