ಅಮ್ಮ ತೊಡಿಸದ ಬಳೆ

ನಮ್ಮಮ್ಮ ಗುಬ್ಬಿಯಲ್ಲಿ ಬಳೆ ಮಾರುತ್ತಿದ್ದಳು. ಮಾರುವುದೇನು ದೊಡ್ಡ ವಿದ್ಯೆಯಲ್ಲ, ತೊಡಿಸುವುದು ವಿದ್ಯೆ. ಎದುರಿಗೆ ಕೂತವಳ ಕೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡು, ಹೆಬ್ಬೆರಳಿನ ಬುಡವನ್ನು ಒತ್ತಿ ಒತ್ತಿ ಮೆತ್ತಗೆ ಮಾಡಿ, ಊರ ಸುದ್ದಿಯೆಲ್ಲ ಕೇಳುತ್ತಲೇ ಡಜನ್ ಬಳೆ ಏರಿಸಿಬಿಡುತ್ತಿದ್ದಳು. ಹೆಂಗಸರು ತಾವೇ ಹಾಕಿಕೊಳ್ಳುವ ಪದ್ಧತಿ ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ಇರಲಿಲ್ಲ.

ಮೊದಲು ಅಮ್ಮನ ಮೊಣಕೈ ಮೇಲೆ ಕೆಂಪಗೆ ಕಲೆ ಎದ್ದಿತು, ಅದರ ಮೇಲೆ ಬಿಳಿ ಹೊಟ್ಟು. ಅಮ್ಮ ಉದ್ದ ತೋಳಿನ ರವಿಕೆ ಹೊಲಿಸಿಕೊಂಡಳು. ಬೇವು, ಹೊಂಗೆ ಎಣ್ಣೆ, ಯಾರೋ ಹೇಳಿದ ಪಥ್ಯ, ಒಂದನ್ನೂ ಬಿಡಲಿಲ್ಲ. ಮರುವರ್ಷ ಅದು ಬೆರಳುಗಳಿಗೆ ಇಳಿಯಿತು. ಬೆರಳನ್ನು ಯಾವ ರವಿಕೆ ಮುಚ್ಚೀತು? ಬಳೆ ಮಾರಲು ಹೋದ ಪಕ್ಕದ ನಿಟ್ಟೂರಿನಲ್ಲಿ, ವರ್ಷಗಳಿಂದ ಅಮ್ಮನಿಗೆ ಕೈ ಕೊಡುತ್ತಿದ್ದವಳೊಬ್ಬಳು ಕೈ ಹಿಂದಕ್ಕೆಳೆದುಕೊಂಡು, "ಅಲ್ಲೇ ಮಡಗ್ಬುಡಮ್ಮ, ಮನೇಲಿ ನಾನೇ ಹಾಕೊತೀನಿ" ಎಂದಳು. ಅವಳ ಮೇಲೆ ಸಿಟ್ಟಾಗುವ ಯೋಗ್ಯತೆ ನನಗಿಲ್ಲ. ಆದರೂ ಇವತ್ತಿಗೂ ಸಿಟ್ಟಿದೆ.

ತುಮಕೂರಿನ ಆಸ್ಪತ್ರೆಗೆ ಅಮ್ಮನನ್ನು ನಾನೇ ಕರೆದುಕೊಂಡು ಹೋದೆ. ಡಾಕ್ಟರು ಅವಳ ಎರಡೂ ಕೈ ಹಿಡಿದು ತಿರುಗಿಸಿ ನೋಡಿದರು. ಅಮ್ಮ ಅಳತೊಡಗಿದಳು. "ನೋವಾಯ್ತೇನಮ್ಮಾ?" ಎಂದರು. ಇಲ್ಲವೆಂದು ತಲೆಯಾಡಿಸಿದಳು. ಆ ಕೈಗಳನ್ನು ಹೊರಗಿನವರು ಮುಟ್ಟಿ ತಿಂಗಳುಗಳಾಗಿದ್ದವು.

"ಇದು ಸೋರಿಯಾಸಿಸ್. ಅಂಟೋ ರೋಗ ಅಲ್ಲ, ಯಾರನ್ನ ಬೇಕಾದ್ರೂ ಮುಟ್ಟಬಹುದು. ಆದ್ರೆ ಪೂರ್ತಿ ಹೋಗಲ್ಲ. ಕಮ್ಮಿಯಾಗುತ್ತೆ, ಮತ್ತೆ ಬರುತ್ತೆ. ಮುಲಾಮು ಹಚ್ತಾ ಇರ್ಬೇಕು" ಎಂದರು ಡಾಕ್ಟರು. ವಾಪಸ್ ಬರುವಾಗ ಬಸ್ಸಿನಲ್ಲಿ ಅಮ್ಮ ಕೇಳಿದ್ದು ಒಂದೇ ಮಾತು: "ಹೋಗಲ್ವಂತಾ?"

ಎಂಬತ್ತರ ದಶಕದ ಶುರುವಿನಲ್ಲಿ ನನಗೆ ಕುಣಿಗಲ್ ಕಡೆಯ ಸಂಬಂಧ ಕುದುರಿತು. ಮದುವೆಯ ಹಿಂದಿನ ದಿನ ಬಳೆ ಶಾಸ್ತ್ರ. ಊರಿನ ಅರ್ಧ ಮದುವಣಗಿತ್ತಿಯರಿಗೆ ತೊಡಿಸಿದವಳು ಮಗಳಿಗೆ ತೊಡಿಸದೆ ಇರುತ್ತಾಳೆಯೇ? ತಿಂಗಳ ಮೊದಲೇ ಹಸಿರು ಬಳೆ ಆರಿಸಿಟ್ಟಿದ್ದಳು. ಗಂಡಿನ ಕಡೆ ಹೆಂಗಸರು ಬರುತ್ತಾರೆಂದು ಗೊತ್ತಾದ ಮೇಲೆ ಅಡುಗೆಮನೆಯಲ್ಲಿ ನಾನೇ ಹೇಳಿದೆ: "ಬೇರೆಯೋರ್ನ ಕರೆಸಮ್ಮ. ಅವ್ರ್ ಮುಂದೆ ಬೇಡ."

"ಹೂಂ ಕಣೇ" ಎಂದಳು, ಅಷ್ಟೇ.

ಬೆಳ್ಳಾವಿಯಿಂದ ಒಬ್ಬ ಬಳೆಗಾರ್ತಿ ಬಂದಳು. ಅವಳದು ಒರಟು ಕೈ. ಮೂರು ಬಳೆ ಒಡೆದವು, ರಕ್ತ ಬಂತು. ಅಮ್ಮ ಬಾಗಿಲ ಬಳಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. "ಮೆಲ್ಲಗೆ ಕಣಮ್ಮ, ಅವ್ಳ ಎಡಗೈ ಗಂಟು ಸ್ವಲ್ಪ ದಪ್ಪ" ಎಂದಳು. ನಾನು ತಲೆಯೆತ್ತಲಿಲ್ಲ. ಅಂಟುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅಮ್ಮನನ್ನು ಬಿಟ್ಟರೆ ಆ ಮನೆಯಲ್ಲಿ ಕಿವಿಯಾರೆ ಕೇಳಿದ್ದವಳು ನಾನೊಬ್ಬಳೇ.