ತಪಾಸಣೆಯ ಮೇಷ್ಟ್ರು

ಜೀನ್ಸ್ ಕಾರ್ಖಾನೆಯಲ್ಲಿ ಅವರನ್ನು ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಾರೆ. ಬಟ್ಟೆ ಕೊಳ್ಳುವ ಪರದೇಶದ ಕಂಪನಿಯವರು ತಪಾಸಣೆಗೆ ಬರುವ ಮೊದಲು, ಕೇಳಿದ್ದಕ್ಕೆ ಏನು ಹೇಳಬೇಕೆಂದು ಕೆಲಸಗಾರರಿಗೆ ಕಲಿಸುವುದು ಅವರ ಕೆಲಸ. ಮರಳು ಊದಿ ಹೊಸ ಜೀನ್ಸನ್ನು ಮಾಸಿದಂತೆ ಮಾಡುವ ಕೋಣೆಯವರಿಗೆ ಅದೊಂದು ದಿನ ಮಾತ್ರ ಮಾಸ್ಕ್ ಸಿಗುತ್ತದೆ. ಅವು ತೀರಾ ಹೊಸದಾಗಿ ಕಾಣಬಾರದೆಂದು ಮೇಷ್ಟ್ರು ಹಿಂದಿನ ದಿನವೇ ಒಂದೊಂದನ್ನೂ ತಾವೇ ಕಟ್ಟಿಕೊಂಡು, ಗೋದಾಮಿನಲ್ಲಿ ಓಡಾಡಿ ಸುಕ್ಕು ಮಾಡುತ್ತಾರೆ. "ಪ್ಯಾಂಟು ಹಳೇದು ಮಾಡೋಕೆ ನಾವು, ಮಾಸ್ಕ್ ಹಳೇದು ಮಾಡೋಕೆ ನೀವು. ಸಂಬಳ ಮಾತ್ರ ನಿಮಗೇ ಜಾಸ್ತಿ, ಮೇಷ್ಟ್ರೇ!" ಎಂದು ಹೆಂಗಸರು ಕಾಲೆಳೆದರೆ ಅವರೂ ನಗುತ್ತಾರೆ. ನಕ್ಕ ಮೇಲೆ ಮಾತ್ರ, "ಆರ್ಡರ್ ಕೈತಪ್ಪಿದ್ರೆ ಎಲ್ಲರ ಮನೆ ಒಲೆನೂ ಆರುತ್ತೆ, ತಾಯಂದಿರಾ. ತಡವರಿಸಬೇಡಿ" ಎಂದು ಬೇಡಿಕೊಳ್ಳುತ್ತಾರೆ. ಅವರ ಒಡಹುಟ್ಟಿದ ತಂಗಿಯೂ ಆ ಕೋಣೆಯಲ್ಲೇ ಇದ್ದಾಳೆ; ಕೆಲಸ ಕೊಡಿಸಿದ್ದು ಅವರೇ. ತಪಾಸಣೆಯವರ ಮುಂದೆ ಕಲಿಸಿದ ಉತ್ತರವನ್ನು ಒಮ್ಮೆಯೂ ತಪ್ಪಿಲ್ಲದೆ ಒಪ್ಪಿಸುವ ಅವಳನ್ನು ಕಂಡರೆ ಅವರಿಗೆ ಒಳಗೊಳಗೇ ಹೆಮ್ಮೆ. ಮೊನ್ನೆ ಅವಳ ಕೆಮ್ಮಿನಲ್ಲಿ ರಕ್ತ ಕಂಡಾಗ ಮೇಷ್ಟ್ರು ಹೌಹಾರಿ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಅವಳ ಎದೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಧೂಳಲ್ಲಿ ಕೆಲಸ ಮಾಡ್ತೀಯೇನಮ್ಮಾ?" ಎಂದು ಮೆಲ್ಲಗೆ ಕೇಳಿದರು. ಬಾಯಿ ತೆರೆದವಳು ಹಾಗೇ ತಡೆದು, ಪಕ್ಕದಲ್ಲಿ ನಿಂತಿದ್ದ ಮೇಷ್ಟ್ರ ಕಡೆ ತಿರುಗಿದಳು: "ಹೇಳ್ಲಾ, ಅಣ್ಣಾ?"